ಒಣಭೂಮಿಯ ಮಣ್ಣು ಉಳಿಸಿಕೊಳ್ಳುವುದು ಹೇಗೆ? ಇಳಿಜಾರಿನ ತಲೆಯಿಂದ ಬುಡದವರೆಗೆ

"ಹೊಲ ವರ್ಷದಿಂದ ವರ್ಷಕ್ಕೆ ಬಡವಾಗುತ್ತಿದೆ, ಬದು ಹಾಕಿಸಿದರೆ ಸರಿಹೋಗುತ್ತದೆಯೇ?" ಮಳೆಯನ್ನೇ ನಂಬಿದ ಬೇಸಾಯಗಾರರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. "ಕೊರಕಲಿಗೆ ಕಲ್ಲು ತುಂಬಿಸಿದೆವು, ಮುಂದಿನ ಮಳೆಗೇ ಕೊಚ್ಚಿಹೋಯಿತು" ಎಂಬುದು ಎರಡನೆಯದು. ಎರಡಕ್ಕೂ ಉತ್ತರ ಒಂದೇ ಜಾಗದಲ್ಲಿದೆ. ಓಡಲು ಶುರುವಾದ ನೀರನ್ನು ಅಡ್ಡಗಟ್ಟುವುದಕ್ಕಿಂತ ಹನಿ ಬಿದ್ದಲ್ಲೇ ಇಂಗುವಂತೆ ಮಾಡುವುದು ಅಗ್ಗ, ಸುಲಭ, ಬಾಳಿಕೆಯೂ ಹೆಚ್ಚು. ಬದು, ಕಲ್ಲುತಡೆಗಳ ಸರದಿ ಆಮೇಲೆ. ಈ ಬರಹದ ಹಂತಗಳನ್ನು ಆ ಲೆಕ್ಕದಲ್ಲೇ ಜೋಡಿಸಿದ್ದೇನೆ. ನಿಮ್ಮ ಹೊಲಕ್ಕೆ ಬೇಡದ ಹಂತವನ್ನು ಬಿಟ್ಟುಬಿಡಬಹುದು, ಆದರೆ ಉಳಿದವುಗಳ ಕ್ರಮ ತಪ್ಪಿಸಬೇಡಿ.

ಮೊದಲು ಎರಡು ಪದಗಳು. ಭೂ ಅವನತಿ ಎಂದರೆ ಮಣ್ಣು ತನ್ನ ಕೆಲಸ ಮಾಡುವ ಶಕ್ತಿಯನ್ನು ಕಳೆದುಕೊಳ್ಳುವುದು: ನೀರು ಹಿಡಿಯುವುದು, ಬೇರಿಗೆ ಜಾಗ ಕೊಡುವುದು, ಸತ್ವ ಒದಗಿಸುವುದು. ಒಣ ಪ್ರದೇಶಗಳಲ್ಲಿ ಇದು ನಡೆದಾಗ ಅದಕ್ಕೆ ಮರುಭೂಮೀಕರಣ ಎಂಬ ಹೆಸರಿದೆ. ಹೆಸರು ಕೇಳಿ ಎಲ್ಲಿಂದಲೋ ಮರಳುದಿಣ್ಣೆ ತೆವಳಿಕೊಂಡು ಬರುತ್ತದೆ ಎಂದುಕೊಳ್ಳಬೇಡಿ. 1994ರ ಜೂನ್ 17ರಂದು ಅಂಗೀಕಾರವಾದ ವಿಶ್ವಸಂಸ್ಥೆಯ ಒಪ್ಪಂದವೂ ಈ ಪದವನ್ನು ಬಳಸಿರುವುದು ಒಣನೆಲದ ಅವನತಿ ಎಂಬ ಅರ್ಥದಲ್ಲೇ. ಅದು ಇದ್ದ ಜಾಗದಲ್ಲೇ, ತೇಪೆ ತೇಪೆಯಾಗಿ ನಡೆಯುತ್ತದೆ. ಒಂದೇ ಹೊಲದ ಒಂದು ಮೂಲೆ ಬಂಜರಾಗಿ ಇನ್ನೊಂದು ಮೂಲೆ ಚೆನ್ನಾಗಿರುವುದು ಸಾಮಾನ್ಯ.

ಕಣ್ಣಿಗೆ ಬೀಳದಿರುವುದೇ ಇದರ ದೊಡ್ಡ ತೊಂದರೆ. ಒಂದು ಹೆಕ್ಟೇರಿನಲ್ಲಿ 1 ಮಿಲಿಮೀಟರ್ ದಪ್ಪದ ಮಣ್ಣು ಎಂದರೆ 10 ಘನ ಮೀಟರ್, ತೂಕದಲ್ಲಿ ಸುಮಾರು 13 ಟನ್. ಎಕರೆಗೆ 5 ಟನ್ನಿಗೂ ಮಿಕ್ಕಿ. ಉಗುರಿನ ದಪ್ಪಕ್ಕಿಂತ ತುಸು ಹೆಚ್ಚಿನ ಪದರ ಹೋದರೆ ಯಾರಿಗೆ ಗೊತ್ತಾಗುತ್ತದೆ? ಹೋಗುವುದಾದರೂ ಮೇಲ್ಪದರ. ಸಾವಯವ ಅಂಶ ಹೆಚ್ಚಾಗಿ ಇರುವುದೇ ಅಲ್ಲಿ.

ಬೇಕಾಗುವ ಸಾಮಗ್ರಿ

ಗುದ್ದಲಿ, ಸಲಿಕೆ, ಪ್ಲಾಸ್ಟಿಕ್ ಬಕೆಟ್. ಎರಡೂ ಕಡೆ ತೆರೆದ, 15 ಸೆಂಟಿಮೀಟರ್ ಅಗಲದ ತಗಡಿನ ಡಬ್ಬಿ. ಅಗಲ ಬಾಯಿಯ ಗಾಜಿನ ಲೋಟ ಒಂದೆರಡು. ಸಮ ಅಂತರದಲ್ಲಿ 100 ಗಂಟು ಹಾಕಿದ ಹಗ್ಗ. 2 ಮೀಟರ್ ಉದ್ದದ ಎರಡು ನೇರ ಗಳುಗಳು, ಅಡ್ಡಪಟ್ಟಿಗೆ ಇನ್ನೊಂದು, ದಾರ, ಮುಷ್ಟಿಗಾತ್ರದ ಕಲ್ಲು. ಗೂಟಗಳು, ದಪ್ಪ ತಂತಿ, ಪ್ಲಾಸ್ಟಿಕ್ ಹಾಳೆ, 30 ಸೆಂಟಿಮೀಟರ್ ಉದ್ದದ ಹತ್ತು ಕಬ್ಬಿಣದ ಸರಳುಗಳು. ಒಂದು ನೋಟ್‌ಬುಕ್. ಇದಿಷ್ಟೇ ಸಾಕು. ಯಂತ್ರ ಬಾಡಿಗೆಗೆ ತರುವ ಆತುರ ಬೇಡ.

ಹಂತ 1: ಮಳೆ ಬರುವಾಗ ಹೊಲದಲ್ಲಿರಿ

ಬಿಸಿಲಿನಲ್ಲಿ ಹೊಲ ನೋಡಿ ಮಾಡಿದ ಯೋಜನೆಗಳು ಅರ್ಧಕ್ಕರ್ಧ ತಪ್ಪುತ್ತವೆ. ಮಳೆ ಜೋರಾಗಿದ್ದಾಗ, ಸಿಡಿಲಿನ ಭಯವಿಲ್ಲದಿದ್ದರೆ, ಕೊಡೆ ಹಿಡಿದು ಇಳಿಜಾರಿನ ತಲೆಗೆ ಹೋಗಿ ನಿಲ್ಲಿ. ನೀರು ಎಲ್ಲಿಂದ ಒಳಬರುತ್ತದೆ, ಎಲ್ಲಿ ಸೇರಿಕೊಂಡು ಧಾರೆಯಾಗುತ್ತದೆ, ಎಲ್ಲಿ ಬಣ್ಣ ಬದಲಾಗಿ ಕೆಸರಾಗುತ್ತದೆ, ಎಲ್ಲಿಂದ ಹೊರಬೀಳುತ್ತದೆ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಗುರುತಿಸಿ. ನೀರು ನಿಮ್ಮ ಹೊಲದ್ದಲ್ಲದೆ ಮೇಲಿನ ಹೊಲದ್ದೋ ರಸ್ತೆಯದ್ದೋ ಆಗಿದ್ದರೆ ಮೊದಲು ಮಾತಾಡಬೇಕಾದದ್ದು ಅಲ್ಲಿಯವರ ಹತ್ತಿರ.

ಮಳೆ ನಿಂತ ಮೇಲೆ ಈ ಗುರುತುಗಳನ್ನು ಹುಡುಕಿ. ಸಣ್ಣ ಕಲ್ಲುಗಳು ಮಣ್ಣಿನ ಪುಟ್ಟ ಕಂಬದ ಮೇಲೆ ಕೂತಂತೆ ಕಂಡರೆ, ಕಲ್ಲಿನ ಮರೆಯ ಮಣ್ಣು ಉಳಿದು ಸುತ್ತಲಿನದು ಹೋಗಿದೆ ಎಂದರ್ಥ. ಆ ಕಂಬದ ಎತ್ತರವೇ ಹೋದ ಮಣ್ಣಿನ ಆಳ. ಇದು ಪದರ ಕೊಚ್ಚಣೆ, ಅಂದರೆ ಇಡೀ ಮೈಯಿಂದ ತೆಳುವಾಗಿ ಜಾರುವುದು. ಬೆರಳಿನಿಂದ ಅಂಗೈಯಷ್ಟು ಆಳದ ಗೀರುಗಳಿದ್ದರೆ ಅವು ಸೀಳು ಕೊಚ್ಚಣೆ. ಒಮ್ಮೆ ಕುಂಟೆ ಹೊಡೆದರೆ ಮುಚ್ಚಿಹೋಗುತ್ತವೆ, ಅದಕ್ಕೇ ಜನ ಅವನ್ನು ಲೆಕ್ಕಕ್ಕೆ ಇಡುವುದಿಲ್ಲ. ನೇಗಿಲು ದಾಟಲಾರದಷ್ಟು ಆಳವಾದರೆ ಅದು ಕೊರಕಲು. ಗಿಡದ ಬುಡದಲ್ಲಿ ಬೇರು ಹೊರಬಿದ್ದಿರುವುದು, ಬದುವಿನ ಮೇಲ್ಮಗ್ಗುಲಲ್ಲಿ ಮಣ್ಣು ಗುಡ್ಡೆಯಾಗಿರುವುದು, ಹೊಲದ ನೆತ್ತಿಯಲ್ಲಿ ತಿಳಿ ಬಣ್ಣದ ಒಳಮಣ್ಣು ಇಣುಕುವುದು, ಇವನ್ನೂ ಬರೆದಿಟ್ಟುಕೊಳ್ಳಿ.

ಹಂತ 2: ಮಣ್ಣನ್ನೇ ಕೇಳಿ

ಮೂರು ಸಣ್ಣ ಪರೀಕ್ಷೆಗಳನ್ನು ನೀವೇ ಮಾಡಬಹುದು.

ಮೊದಲನೆಯದು ಹೆಂಟೆ ಪರೀಕ್ಷೆ. ನೆರಳಿನಲ್ಲಿ ಒಣಗಿಸಿದ, ಕಡಲೆಕಾಳಿಗಿಂತ ದೊಡ್ಡದಾದ ಹೆಂಟೆಯೊಂದನ್ನು ನೀರು ತುಂಬಿದ ಗಾಜಿನ ಲೋಟಕ್ಕೆ ಮೆಲ್ಲಗೆ ಬಿಡಿ, ಅಲುಗಿಸಬೇಡಿ. ಹೆಂಟೆ ಹಾಗೇ ಉಳಿದರೆ ಮಣ್ಣಿನ ಕಣಗಳ ಅಂಟು ಚೆನ್ನಾಗಿದೆ. ನಿಮಿಷದೊಳಗೆ ಪುಡಿಪುಡಿಯಾಗಿ ಕುಸಿದರೂ ಮೇಲಿನ ನೀರು ತಿಳಿಯಾಗಿದ್ದರೆ ಸಾವಯವ ಅಂಶ ಕಡಿಮೆ. ಹೆಂಟೆಯ ಸುತ್ತ ಹಾಲು ಚೆಲ್ಲಿದಂತೆ ಮಂಜು ಹರಡಿ ಗಂಟೆಗಳಾದರೂ ತಿಳಿಯಾಗದಿದ್ದರೆ ಸೋಡಿಯಂ ಹೆಚ್ಚಿರುವ ಶಂಕೆ ಇದೆ, ಹಂತ 9ನ್ನು ಓದಿ. ಇಲ್ಲಿ ಹಲವರು ಎಡವುತ್ತಾರೆ: ಉಪ್ಪಿನಂಶವಿರುವ ಕೊಳವೆಬಾವಿಯ ನೀರು ಬಳಸಿದರೆ ಈ ಮಂಜು ಏಳುವುದೇ ಇಲ್ಲ, ಕೆಟ್ಟ ಮಣ್ಣೂ ಒಳ್ಳೆಯದಾಗಿ ಕಾಣುತ್ತದೆ. ಮಳೆನೀರು ಅಥವಾ ಬ್ಯಾಟರಿಗೆ ಹಾಕುವ ಶುದ್ಧ ನೀರನ್ನೇ ಬಳಸಿ.

ಎರಡನೆಯದು ಇಂಗುವಿಕೆಯ ಪರೀಕ್ಷೆ. ತಗಡಿನ ಡಬ್ಬಿಯನ್ನು ಮಣ್ಣಿಗೆ 5 ಸೆಂಟಿಮೀಟರ್ ಇಳಿಸಿ. ಮಣ್ಣು ಕದಡದಂತೆ ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, 450 ಮಿಲಿಲೀಟರ್ ನೀರು ಸುರಿದು, ಹಾಳೆಯನ್ನು ನಿಧಾನವಾಗಿ ಎಳೆದುಬಿಡಿ. ಈ ಅಗಲದ ಡಬ್ಬಿಗೆ ಅಷ್ಟು ನೀರು ಎಂದರೆ 25 ಮಿಲಿಮೀಟರ್ ಮಳೆ. ಇಂಗಲು ಎಷ್ಟು ಹೊತ್ತು ಬೇಕು ನೋಡಿ. ಮೊದಲ ಸಲ ಒಣಮಣ್ಣು ಬಾಯಾರಿ ಕುಡಿಯುತ್ತದೆ, ಆದ್ದರಿಂದ ಎರಡನೆಯ ಸಲ ಸುರಿದಾಗಿನ ಹೊತ್ತನ್ನು ಬರೆದುಕೊಳ್ಳಿ. ಇದನ್ನೇ ಉಳುಮೆ ಕಾಣದ ಬದುವಿನ ಹುಲ್ಲಿನಡಿ ಮಾಡಿ. ಎರಡರ ನಡುವಿನ ಅಂತರ ನಿಮ್ಮ ಹೊಲ ಕಳೆದುಕೊಂಡದ್ದರ ಲೆಕ್ಕ ಕೊಡುತ್ತದೆ.

ಮೂರನೆಯದು ಅಡಿಗಟ್ಟಿ. ವರ್ಷಗಟ್ಟಲೆ ಒಂದೇ ಆಳಕ್ಕೆ ಉಳುಮೆ ಮಾಡಿದಾಗ ನೇಗಿಲ ತುದಿಯ ಕೆಳಗೆ ಗಟ್ಟಿ ಪದರ ಕಟ್ಟುತ್ತದೆ. ಹದವಾದ ತೇವವಿದ್ದಾಗ ದಪ್ಪ ತಂತಿ ಚುಚ್ಚಿ. ಒಂದೇ ಆಳದಲ್ಲಿ ಎಲ್ಲ ಕಡೆ ತಡೆಯುತ್ತಿದ್ದರೆ ಅದು ಇದೇ. ಕಿತ್ತ ಗಿಡದ ತಾಯಿಬೇರು ಆ ಆಳದಲ್ಲಿ ಮಂಡಿಯೂರಿದಂತೆ ಅಡ್ಡಕ್ಕೆ ತಿರುಗಿದ್ದರೆ ಅನುಮಾನವೇ ಬೇಡ.

ಇವುಗಳ ಜೊತೆಗೆ ಪ್ರಯೋಗಾಲಯಕ್ಕೆ ಮಾದರಿ ಕಳಿಸಿ. ಹೊಲದ ಎಂಟು ಹತ್ತು ಕಡೆ ಇಂಗ್ಲಿಷಿನ ವಿ ಆಕಾರದ ಗುಂಡಿ ತೆಗೆದು, ಬದಿಯಿಂದ 15 ಸೆಂಟಿಮೀಟರ್ ಆಳದವರೆಗೆ ಒಂದೇ ದಪ್ಪದ ಹೋಳು ಕೆರೆದು, ಬೆರೆಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ಬಿಸುಡುತ್ತಾ ಅರ್ಧ ಕಿಲೋಗೆ ಇಳಿಸಿ. ಮರದ ಬುಡ, ತಿಪ್ಪೆ ಇದ್ದ ಜಾಗ, ಬದುವಿನ ಪಕ್ಕ ಬೇಡ. ಗೊಬ್ಬರದ ಚೀಲದಲ್ಲಿ ಮಣ್ಣು ಕಳಿಸಿದರೆ ಬರುವ ವರದಿ ಚೀಲದ್ದಾಗಿರುತ್ತದೆ.

ಹಂತ 3: ನೆಲಕ್ಕೆ ಹೊದಿಕೆ

ಒಂದೇ ಒಂದು ಹಂತ ಮಾಡುವಷ್ಟು ಶಕ್ತಿ ಇದೆ ಎನ್ನುವವರಿಗೆ ನಾನು ಹೇಳುವುದು ಇದನ್ನೇ.

ದೊಡ್ಡ ಮಳೆಹನಿ ನೆಲಕ್ಕೆ ಬೀಳುವ ವೇಗ ಸೆಕೆಂಡಿಗೆ ಸುಮಾರು 9 ಮೀಟರ್, ಅಂದರೆ ಗಂಟೆಗೆ 30 ಕಿಲೋಮೀಟರಿಗೂ ಹೆಚ್ಚು. ಬತ್ತಲೆ ಮಣ್ಣಿಗೆ ಆ ಹೊಡೆತ ಬಿದ್ದಾಗ ಹೆಂಟೆ ಒಡೆದು ನುಣ್ಣನೆಯ ಪುಡಿ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತದೆ. ಒಣಗಿದ ಮೇಲೆ ಅದೇ ಹೆಪ್ಪುಗಟ್ಟಿದ ಮೇಲುಪೊರೆ. ಆಮೇಲೆ ಬಿದ್ದ ಮಳೆ ಒಳಗಿಳಿಯದೆ ಜಾರುತ್ತದೆ, ಮೊಳಕೆಯೂ ಮೇಲೆ ಬರಲು ಒದ್ದಾಡುತ್ತದೆ. ಒಣ ಪ್ರದೇಶದ ಮಳೆ ಬರುವುದು ಕೆಲವೇ ದಿನ, ಬಂದಾಗ ಅಬ್ಬರ. ಅದರಲ್ಲೂ ಮೊದಲ ದೊಡ್ಡ ಮಳೆಗಳು ಬೀಳುವ ಹೊತ್ತಿಗೆ ನಾವು ಹೊಲವನ್ನು ಹರಗಿ, ಕಸ ಆಯ್ದು, ಅಂಗಳದಂತೆ ಚೊಕ್ಕಟ ಮಾಡಿಟ್ಟಿರುತ್ತೇವೆ. ನೋಡಲು ಚಂದ, ಮಣ್ಣಿಗೆ ಆಪತ್ತು.

ಗುರಿ ಇಷ್ಟು: ಬಿತ್ತನೆ ಮುಗಿದ ಮೇಲೂ ನೆಲದ ಕನಿಷ್ಠ ಶೇ 30 ಭಾಗ ಬೆಳೆಯ ಉಳಿಕೆಯಿಂದ ಮುಚ್ಚಿರಬೇಕು. ಸಂರಕ್ಷಣಾ ಬೇಸಾಯದ ಅಂಗೀಕೃತ ಕೆಳಮಿತಿ ಇದು. ಅಳೆಯುವುದಕ್ಕೆ ನೂರು ಗಂಟಿನ ಹಗ್ಗ ಇದೆಯಲ್ಲ? ಸಾಲುಗಳಿಗೆ ಓರೆಯಾಗಿ ಬಿಗಿದು ಕಟ್ಟಿ, ಒಂದು ತುದಿಯಿಂದ ನಡೆಯುತ್ತಾ ಪ್ರತಿ ಗಂಟಿನ ನೇರ ಕೆಳಗೆ ನೋಡಿ. ದಂಟೋ ತರಗೋ ಇದ್ದರೆ ಒಂದು ಎಣಿಸಿ, ಬರೀ ಮಣ್ಣಿದ್ದರೆ ಬಿಡಿ. ನೂರಕ್ಕೆ ಎಷ್ಟು ಬಂತೋ ಅಷ್ಟು ಶೇಕಡ. ಗಂಟಿನ ಪಕ್ಕದಲ್ಲಿದೆ, ಹತ್ತಿರದಲ್ಲಿದೆ ಎಂದು ಎಣಿಸಿಕೊಳ್ಳಬೇಡಿ. ಮೂರು ಕಡೆ ಅಳೆದು ಸರಾಸರಿ ತೆಗೆಯಿರಿ. ಮೊದಲ ಸಲ ಅಳೆದವರಿಗೆ ತಮ್ಮ ಅಂದಾಜಿಗಿಂತ ಬಹಳ ಕಡಿಮೆ ಬರುವುದು ಸಹಜ.

"ದನಕ್ಕೆ ಮೇವಿಲ್ಲ, ನೆಲಕ್ಕೆ ಎಲ್ಲಿಂದ ಹೊದಿಸೋಣ?" ನ್ಯಾಯವಾದ ಪ್ರಶ್ನೆ. ದಾರಿಗಳು ಇವು. ಬೆಳೆಯನ್ನು ಬುಡಕ್ಕೇ ಕೊಯ್ಯದೆ ಗೇಣಿನಿಂದ ಮೊಳದಷ್ಟು ಕೂಳೆ ಬಿಡಿ. ಬುಡದ ದಂಟು ಮೇವಾಗಿಯೂ ಅಷ್ಟಕ್ಕಷ್ಟೇ. ತೊಗರಿ, ಹತ್ತಿ, ಹರಳಿನ ಕಡ್ಡಿಗಳನ್ನು ಸುಡಬೇಡಿ, ಮುರಿದು ಹರಡಿ. ಬದುವಿನ ಮೇಲೆ ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾ ನೆಟ್ಟು ವರ್ಷಕ್ಕೆರಡು ಬಾರಿ ಸವರಿ ಸೊಪ್ಪು ಹಾಸಿ. ಜೋಳ, ಸಜ್ಜೆಯ ಸಾಲುಗಳ ನಡುವೆ ಹುರುಳಿ, ಅಲಸಂದೆಯಂಥ ಹಬ್ಬುವ ಕಾಳುಬೆಳೆ ಹಾಕಿದರೆ ಜೀವಂತ ಹೊದಿಕೆಯೇ ಸಿಕ್ಕಿತು. ಎಲ್ಲ ಕಡೆ ಹರಡುವಷ್ಟು ಇಲ್ಲವೇ? ಹೊಲದ ನೆತ್ತಿಯ ಭಾಗಕ್ಕೆ ಮೊದಲು ಹಾಸಿ.

ಎಚ್ಚರಿಕೆ ಒಂದು: ಒಣ ದಂಟನ್ನು ಮಣ್ಣಿನೊಳಕ್ಕೆ ಹೂತುಹಾಕಿ ತಕ್ಷಣ ಬಿತ್ತಬೇಡಿ. ಏಕದಳ ದಂಟಿನಲ್ಲಿ ಇಂಗಾಲ ವಿಪರೀತ, ಸಾರಜನಕ ಅತ್ಯಲ್ಪ. ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿರುವ ಸಾರಜನಕವನ್ನೇ ಕಸಿದುಕೊಳ್ಳುತ್ತವೆ, ಪೈರು ಹಳದಿಗಟ್ಟುತ್ತದೆ. ಜನ ಆಗ ಹೊದಿಕೆಯನ್ನು ಬೈಯುತ್ತಾರೆ. ಮೇಲೆ ಹಾಸಿದರೆ ಈ ತೊಂದರೆ ಬಹಳ ಕಡಿಮೆ.

ಹಂತ 4: ಸಮಮಟ್ಟದ ಗೆರೆ ಹಾಕಿ

ಸಮಮಟ್ಟದ ಗೆರೆ ಎಂದರೆ ಇಳಿಜಾರಿಗೆ ಅಡ್ಡಲಾಗಿ, ಒಂದೇ ಎತ್ತರದಲ್ಲಿರುವ ಬಿಂದುಗಳನ್ನು ಜೋಡಿಸುವ ಗೆರೆ. ಉಳುಮೆ, ಬಿತ್ತನೆ, ಬದು ಎಲ್ಲವೂ ಇದರ ಗುಂಟ. ಕಣ್ಣಳತೆಯಲ್ಲಿ ಇದನ್ನು ಹಾಕಬಲ್ಲೆ ಎನ್ನುವವರನ್ನು ನಂಬಬೇಡಿ, ನೀವೇ ಆಗಿದ್ದರೂ ಸರಿ.

ಎರಡು ಗಳುಗಳ ತುದಿ ಕೂಡಿಸಿ, ಕಾಲು ಅಗಲಿಸಿ, ನಡುವೆ ಅಡ್ಡಪಟ್ಟಿ ಕಟ್ಟಿದರೆ ಎ-ಫ್ರೇಮ್ ತಯಾರು. ತುದಿಯಿಂದ ದಾರದಲ್ಲಿ ಕಲ್ಲು ಇಳಿಬಿಡಿ, ಅದು ಅಡ್ಡಪಟ್ಟಿಯನ್ನು ದಾಟಿ ಕೆಳಗೆ ತೂಗಬೇಕು. ಈಗ ಎರಡೂ ಕಾಲುಗಳಡಿ ಗೂಟ ಹೊಡೆದು, ದಾರ ಪಟ್ಟಿಯನ್ನು ಮುಟ್ಟುವಲ್ಲಿ ಗುರುತು ಹಾಕಿ. ಚೌಕಟ್ಟನ್ನು ತಿರುಗಿಸಿ, ಎಡಗಾಲಿದ್ದಲ್ಲಿ ಬಲಗಾಲು ಇಟ್ಟು ಇನ್ನೊಂದು ಗುರುತು ಹಾಕಿ. ಎರಡು ಗುರುತುಗಳ ನಟ್ಟನಡುವೆ ಮೂರನೆಯದು: ದಾರ ಅಲ್ಲಿಗೆ ಬಂದರೆ ಕಾಲುಗಳು ಸಮಮಟ್ಟ. ಹೊಲದ ಒಂದು ಅಂಚಿನಿಂದ ಒಂದು ಕಾಲು ಊರಿ, ಇನ್ನೊಂದನ್ನು ಮೇಲೆ ಕೆಳಗೆ ಆಡಿಸಿ, ದಾರ ನಡುಗುರುತಿಗೆ ಬಂದಾಗ ಗೂಟ ಹೊಡೆದು, ಕೈವಾರ ನಡೆಸಿದಂತೆ ಮುಂದಕ್ಕೆ ಸಾಗಿ. ಗಾಳಿ ಬೀಸುವ ಹೊತ್ತಿನಲ್ಲಿ ಮಾಡಬೇಡಿ, ಕಲ್ಲು ತೂಗಾಡುತ್ತಲೇ ಇರುತ್ತದೆ. ಗೂಟದ ಸಾಲು ಅಂಕುಡೊಂಕಾಗಿ ಬರುತ್ತದೆ. ಸಣ್ಣಪುಟ್ಟ ಡೊಂಕುಗಳನ್ನು ಸವರಿ ಉಳುಮೆಗೆ ಅನುಕೂಲವಾಗುವಂತೆ ಮೃದು ಮಾಡಿಕೊಳ್ಳಿ, ನೇರ ಮಾತ್ರ ಮಾಡಬೇಡಿ.

ಮೊದಲ ಗೆರೆ ಇಳಿಜಾರಿನ ತಲೆಯಲ್ಲಿ. ಅಲ್ಲಿಂದ ಕೆಳಗೆ ಒಂದೊಂದಾಗಿ.

ಹಂತ 5: ಬದು, ಆದರೆ ಮಣ್ಣು ನೋಡಿ

"ಓಡುವ ನೀರನ್ನು ನಿಲ್ಲಿಸಿ, ನಿಂತ ನೀರನ್ನು ಇಂಗಿಸಿ" ಎಂಬ ಗೋಡೆಬರಹ ಎಲ್ಲರಿಗೂ ಬಾಯಿಪಾಠ. ಕೆಂಪು, ಮರಳುಮಿಶ್ರಿತ ಮಣ್ಣಿಗೆ ಅದು ಸರಿ. ಆಳವಾದ ಎರೆಮಣ್ಣಿನಲ್ಲಿ ಮಾತ್ರ ನಿಂತ ನೀರು ಬೇಗ ಇಂಗುವುದಿಲ್ಲ. ಬದುವಿನ ಮೇಲ್ಮಗ್ಗುಲಲ್ಲಿ ನಿಂತು ಬೆಳೆ ಕೊಳೆಸುತ್ತದೆ, ಬೇಸಿಗೆಯಲ್ಲಿ ಬದುವಿಗೇ ಬಿರುಕು ಬಿದ್ದು ಮುಂದಿನ ಮಳೆಗೆ ಅಲ್ಲಿಂದಲೇ ನೀರು ನುಗ್ಗಿ ಒಡೆಯುತ್ತದೆ.

ಆದ್ದರಿಂದ ನೀರು ಬಸಿಯುವ ಮಣ್ಣಿನಲ್ಲಿ, ಶೇ 6ಕ್ಕಿಂತ ಕಡಿಮೆ, ಅಂದರೆ 100 ಮೀಟರಿಗೆ 6 ಮೀಟರಿಗಿಂತ ಕಡಿಮೆ ಇಳಿಜಾರಿದ್ದರೆ, ಸಮಮಟ್ಟದ ಬದು. ಎರೆಯಲ್ಲಿ 100 ಮೀಟರಿಗೆ 20ರಿಂದ 40 ಸೆಂಟಿಮೀಟರ್ ಇಳಿಯುವ ವಾಲುಬದು ಹಾಕಿ, ಹೆಚ್ಚಾದ ನೀರನ್ನು ಹುಲ್ಲು ಬೆಳೆಸಿದ ಕಾಲುವೆಗೆ ನಿಧಾನವಾಗಿ ದಾಟಿಸಿ. ಹಿಂಗಾರಿಗೆ ಬಿತ್ತುವ ಎರೆಹೊಲದಲ್ಲಿ ಮುಂಗಾರಿನಲ್ಲೇ 3ರಿಂದ 4.5 ಮೀಟರ್ ಬದಿಯ, ಗೇಣಿಗಿಂತ ಕಡಿಮೆ ಎತ್ತರದ ಏರಿಗಳ ಚೌಕುಮಡಿ ಮಾಡಿದರೆ ಪ್ರತಿ ಮಡಿಯೂ ತನ್ನ ಪಾಲಿನ ಮಳೆಯನ್ನಷ್ಟೇ ಹಿಡಿದುಕೊಳ್ಳುತ್ತದೆ. ಒಂದೇ ಕಡೆ ಕೆರೆಯಂತೆ ನಿಲ್ಲುವ ಅಪಾಯ ಇಲ್ಲ.

ಅಂತರದ ಲೆಕ್ಕಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ಸೂತ್ರ ಒಂದಿದೆ. ಶೇಕಡ ಇಳಿಜಾರನ್ನು 10ರಿಂದ ಗುಣಿಸಿ 60 ಸೇರಿಸಿ. ಬಂದದ್ದು ಎರಡು ಬದುಗಳ ಎತ್ತರದ ವ್ಯತ್ಯಾಸ, ಸೆಂಟಿಮೀಟರುಗಳಲ್ಲಿ. ಶೇ 2ರ ಇಳಿಜಾರಿಗೆ 80 ಸೆಂಟಿಮೀಟರ್, ನೆಲದ ಮೇಲೆ 40 ಮೀಟರ್ ದೂರ. ಶೇ 3ಕ್ಕೆ 90 ಸೆಂಟಿಮೀಟರ್, 30 ಮೀಟರ್ ದೂರ.

ಒಡೆದ ಬದುಗಳನ್ನು ನೋಡಿದಾಗಲೆಲ್ಲ ನಾನು ಮೊದಲು ಹುಡುಕುವುದು ಕೋಡಿ. ಸಾಮಾನ್ಯವಾಗಿ ಇರುವುದಿಲ್ಲ. ತುಂಬಿದ ನೀರು ಹೋಗಲು ಕಲ್ಲು ಹಾಸಿದ ತಗ್ಗು ದಾರಿಯಿಲ್ಲದ ಬದು ಒಂದು ಕಡೆ ಒಡೆದರೆ, ಅಷ್ಟೂ ನೀರು ಒಟ್ಟಿಗೆ ಕೆಳಗಿನ ಬದುವಿಗೆ ಅಪ್ಪಳಿಸುತ್ತದೆ. ಒಂದರ ಹಿಂದೆ ಒಂದು ಸಾಲಾಗಿ ಹೋಗುತ್ತವೆ. ಬದು ಹಾಕಿದ ಮೊದಲ ಮಳೆಗಾಲದಲ್ಲಿ ಮಣ್ಣು ಕುಗ್ಗುತ್ತದೆ, ಅದಕ್ಕೆ ಬೇಕಾದ ಎತ್ತರಕ್ಕಿಂತ ತುಸು ಮೇಲೆಯೇ ಕಟ್ಟಿ. ಮೈಮೇಲೆ ಹುಲ್ಲು ಹಚ್ಚಿ.

ಮಣ್ಣು ಸರಿಸುವುದೇ ಬೇಡ ಎನ್ನುವವರು ಅದೇ ಗೆರೆಯ ಗುಂಟ ಲಾವಂಚದ ಸಸಿಗಳನ್ನು 10ರಿಂದ 15 ಸೆಂಟಿಮೀಟರಿಗೊಂದರಂತೆ ಒಂಟಿಸಾಲಾಗಿ ನೆಡಬಹುದು. ಬೇರು ಪಕ್ಕಕ್ಕೆ ಹಬ್ಬದೆ ನೇರ ಕೆಳಗಿಳಿಯುವುದರಿಂದ ಬೆಳೆಗೆ ಪೈಪೋಟಿ ಕಡಿಮೆ. ಒಂದು ಗಿಡ ಸತ್ತು ಸಾಲಿನಲ್ಲಿ ಕಿಂಡಿ ಬಿದ್ದರೂ ನೀರೆಲ್ಲ ಅಲ್ಲಿಗೇ ನುಗ್ಗುತ್ತದೆ, ಮೊದಲ ವರ್ಷ ಕಿಂಡಿ ತುಂಬುತ್ತಲೇ ಇರಬೇಕು.

ಹಂತ 6: ಕೊರಕಲಿಗೆ ಕೈಹಾಕುವುದು ಈಗ

ಮೇಲಿನ ನೀರು ಹತೋಟಿಗೆ ಬಂದಿದ್ದರೆ ಮಾತ್ರ. ಕೊರಕಲು ಬೆಳೆಯುವುದು ಹಿಮ್ಮುಖವಾಗಿ, ತಲೆಯ ಕಡೆಗೆ. ನೀರು ಧುಮುಕುವ ಆ ತಲೆಯನ್ನು ಕಡಿದು ಓರೆಯಾಗಿಸಿ, ಕಲ್ಲು ಹಾಸಿ. ಆಮೇಲೆ ಒಡಲಿನಲ್ಲಿ ಸಣ್ಣ ಸಣ್ಣ ಕಲ್ಲುತಡೆಗಳು, ಎತ್ತರ 1 ಮೀಟರಿಗಿಂತ ಕಡಿಮೆ. ನಡುಭಾಗ ತಗ್ಗಾಗಿ, ಎರಡೂ ತುದಿ ಎತ್ತರವಾಗಿ ಇರಲಿ. ತುದಿಗಳನ್ನು ದಂಡೆಯೊಳಕ್ಕೆ ಕನಿಷ್ಠ ಮೊಳದಷ್ಟು ಹೂಳಿ. ಇದನ್ನು ಬಿಟ್ಟರೆ ನೀರು ತಡೆಯನ್ನು ಬಳಸಿಕೊಂಡು ದಂಡೆಯನ್ನೇ ಕೊರೆದು ಕೊರಕಲನ್ನು ಇನ್ನಷ್ಟು ಅಗಲ ಮಾಡುತ್ತದೆ. ಕೆಳಗಿನ ತಡೆಯ ನಡುಮಟ್ಟ ಮೇಲಿನ ತಡೆಯ ಪಾದಕ್ಕೆ ಸಮನಾಗಿರಬೇಕು, ಅಂತರ ನಿರ್ಧರಿಸಲು ಇನ್ನೇನೂ ಬೇಡ. ಹತ್ತು ಮೊಳಕಾಲೆತ್ತರದ ತಡೆಗಳು ಮಾಡುವ ಕೆಲಸವನ್ನು ಒಂದು ಆಳೆತ್ತರದ ಗೋಡೆ ಮಾಡಲಾರದು.

ಹಂತ 7: ಹೆಪ್ಪುಗಟ್ಟಿದ ಬಂಜರಿಗೆ ಗುಂಡಿ

ನೇಗಿಲು ಇಳಿಯದ ಗಟ್ಟಿ ನೆಲಕ್ಕೆ ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೋದ ರೈತರ ದಾರಿ ಒಪ್ಪುತ್ತದೆ. ಜೈ ಎಂದು ಕರೆಯುವ ಈ ಗುಂಡಿಗಳನ್ನು 1980ರ ದಶಕದಲ್ಲಿ ಹಿಗ್ಗಿಸಿ, ಗೊಬ್ಬರ ಸೇರಿಸಿ ಹೊಸ ರೂಪ ಕೊಟ್ಟವರಲ್ಲಿ ಯಾಕೂಬಾ ಸವಾಡೊಗೊ ಪ್ರಮುಖರು. ಅವರಿಗೆ 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು.

ಬೇಸಿಗೆಯಲ್ಲೇ 20ರಿಂದ 40 ಸೆಂಟಿಮೀಟರ್ ಅಗಲ, 10ರಿಂದ 20 ಸೆಂಟಿಮೀಟರ್ ಆಳದ ಗುಂಡಿಗಳನ್ನು ಸುಮಾರು 80 ಸೆಂಟಿಮೀಟರಿಗೊಂದರಂತೆ ತೋಡಿ. ಒಂದು ಸಾಲಿನ ಗುಂಡಿ ಮೇಲಿನ ಸಾಲಿನ ಎರಡು ಗುಂಡಿಗಳ ನಡುವೆ ಬರಲಿ. ತೆಗೆದ ಮಣ್ಣನ್ನು ಇಳಿಜಾರಿನ ಕೆಳಬದಿಗೆ ಬಿಲ್ಲಿನಂತೆ ಏರಿಸಿ. ಎರಡು ಮೂರು ಹಿಡಿ ಕೊಟ್ಟಿಗೆ ಗೊಬ್ಬರ ಹಾಕಿ. ಗೊಬ್ಬರದ ವಾಸನೆಗೆ ಗೆದ್ದಲು ಬರುತ್ತದೆ, ಬರಲಿ ಬಿಡಿ. ಅದು ಕೊರೆದ ಬಿಲಗಳೇ ನೀರಿಳಿಯುವ ದಾರಿ. ಮಳೆ ಬಿದ್ದೊಡನೆ ಗುಂಡಿಯೊಳಗೇ ಜೋಳ ಅಥವಾ ಸಜ್ಜೆ ಬಿತ್ತಿ. ಸಡಿಲ ಮರಳಿನಲ್ಲಿ ಇದನ್ನು ಮಾಡಬೇಡಿ, ಗುಂಡಿ ಹೂತುಹೋಗುತ್ತದೆ. ನೀರು ನಿಲ್ಲುವ ಎರೆಯಲ್ಲಂತೂ ಬೇಡವೇ ಬೇಡ. ಕೂಲಿ ಬಹಳ ಹಿಡಿಯುವ ಕೆಲಸ ಇದು, ವರ್ಷಕ್ಕೆ ಒಂದು ತುಂಡಿನಂತೆ ಮಾಡಿ.

ಹಂತ 8: ಸತ್ವ ತುಂಬುವುದು

ಓಡುವ ನೀರು ಹತೋಟಿಗೆ ಬಂದ ಮೇಲೆ ಗೊಬ್ಬರ. ಹಿಂದೆಮುಂದಾದರೆ ಗೊಬ್ಬರ ಹಳ್ಳಕ್ಕೆ. ಕಾಳುಬೆಳೆಯನ್ನು ಸರದಿಯಲ್ಲಿ ತನ್ನಿ, ಕೊಟ್ಟಿಗೆ ಗೊಬ್ಬರ ಸಾಲದಿದ್ದರೆ ಹೊಲಕ್ಕೆಲ್ಲ ಎರಚದೆ ಬಿತ್ತನೆಯ ಸಾಲಿಗೆ ಮಾತ್ರ ಹಾಕಿ. ರಾಸಾಯನಿಕ ಗೊಬ್ಬರಕ್ಕೂ ಅದೇ ಮಾತು: ಆಫ್ರಿಕಾದಲ್ಲಿ ಸಹಾರಾ ಮರುಭೂಮಿಯ ದಕ್ಷಿಣದಂಚಿನ ಸಹೇಲ್ ಪ್ರದೇಶದ ರೈತರು ಪ್ರತಿ ಬಿತ್ತನೆ ಗುಣಿಗೆ ಬಾಟಲಿಯ ಮುಚ್ಚಳದಲ್ಲಿ ಅಳೆದ, ಸುಮಾರು 6 ಗ್ರಾಂ ಗೊಬ್ಬರವನ್ನಷ್ಟೇ ಕೊಡುವ ಪದ್ಧತಿಯನ್ನು ರೂಢಿಸಿಕೊಂಡಿದ್ದಾರೆ. ಬೀಜಕ್ಕೆ ತಾಗದಂತೆ ಪಕ್ಕಕ್ಕೆ ಹಾಕಬೇಕು, ಒಣಮಣ್ಣಿನಲ್ಲಿ ಮೊಳಕೆ ಸುಟ್ಟೀತು.

ಹಂತ 9: ಬಿಳಿ ಪೊರೆಯೋ, ಕಪ್ಪು ಪೊರೆಯೋ?

ಮೇಲೆ ಉಪ್ಪಿನಂಥ ಬಿಳಿ ಪುಡಿ ಕಂಡೊಡನೆ ಜಿಪ್ಸಂ ತಂದು ಸುರಿಯುವುದು ಸಾಮಾನ್ಯ ತಪ್ಪು. ಎರಡು ಬೇರೆ ಬೇರೆ ಕಾಯಿಲೆಗಳಿವೆ.

ಲವಣಯುಕ್ತ ಮಣ್ಣಿನಲ್ಲಿ ಕರಗುವ ಉಪ್ಪುಗಳು ಹೆಚ್ಚು, ಪ್ರಯೋಗಾಲಯದ ವರದಿಯಲ್ಲಿ ಉಪ್ಪಿನ ಅಳತೆಯಾದ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್‌ಗಿಂತ ಮೇಲೆ. ಮಣ್ಣು ಪುಡಿಪುಡಿಯಾಗಿಯೇ ಇರುತ್ತದೆ. ಇದಕ್ಕೆ ಜಿಪ್ಸಂನಿಂದ ಪ್ರಯೋಜನವಿಲ್ಲ. ಮಳೆನೀರನ್ನು ನಿಲ್ಲಿಸಿ ಉಪ್ಪನ್ನು ಬೇರಿನ ಕೆಳಕ್ಕೆ ತೊಳೆದು, ಬಸಿಗಾಲುವೆಯಿಂದ ಹೊರಗೆ ಕಳಿಸಬೇಕು. ಕ್ಷಾರ ಮಣ್ಣಿನಲ್ಲಿ ಸೋಡಿಯಂ ಮಣ್ಣಿನ ಕಣಕ್ಕೇ ಅಂಟಿರುತ್ತದೆ. ರಸಸಾರ ಅಂದರೆ ಪಿಎಚ್ 8.5ಕ್ಕಿಂತ ಹೆಚ್ಚು, ಒದ್ದೆಯಾದರೆ ಜಾರುವ ಅಂಟು, ಒಣಗಿದರೆ ಕಲ್ಲು, ಕೆಲವೊಮ್ಮೆ ಕರಗಿದ ಸಾವಯವ ಅಂಶದ ಕಪ್ಪು ಪೊರೆ. ಲೋಟದಲ್ಲಿ ಹಾಲಿನಂತೆ ಕದಡಿದ್ದು ಇದೇ. ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂನ ಜಾಗಕ್ಕೆ ಕೂರುತ್ತದೆ, ಬಿಡುಗಡೆಯಾದ ಸೋಡಿಯಂ ನೀರಿನೊಂದಿಗೆ ಹೋಗಬೇಕು. ಪ್ರಮಾಣವನ್ನು ಪ್ರಯೋಗಾಲಯವೇ ಹೇಳಲಿ, ಪಕ್ಕದ ಹೊಲದವರ ಲೆಕ್ಕ ನಿಮಗಾಗುವುದಿಲ್ಲ. ಬಸಿಗಾಲುವೆ ಇಲ್ಲದಿದ್ದರೆ ಎರಡೂ ಚಿಕಿತ್ಸೆ ವ್ಯರ್ಥ.

ಮರ ಕಡಿದದ್ದರಿಂದಲೂ ಉಪ್ಪು ಮೇಲೇರಬಹುದು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಆಳಬೇರಿನ ಕಾಡು ತೆಗೆದು ಗೋಧಿ ಹಾಕಿದ ಮೇಲೆ ಅಂತರ್ಜಲ ಮೇಲೇರಿ, ತನ್ನೊಡನೆ ಆಳದ ಉಪ್ಪನ್ನೂ ತಂದಿತು.

ಹಂತ 10: ಗಾಳಿಗೆ ಅಡ್ಡ

ಗಾಳಿಯಲ್ಲಿ ಹೋಗುವ ಮಣ್ಣಿನ ಬಹುಪಾಲು ಮೊಳಕಾಲಿಗಿಂತ ಕೆಳಗೇ ಕುಪ್ಪಳಿಸುತ್ತಾ ಸಾಗುತ್ತದೆ. ಹಾಗಾಗಿ ನಿಂತ ಕೂಳೆಯೇ ಮೊದಲ ರಕ್ಷಣೆ, ಹೆಂಟೆಗಳಿರುವ ಒರಟು ನೆಲ ಎರಡನೆಯದು. ಹರಗಿ ಹರಗಿ ಹಿಟ್ಟಿನಂತೆ ಮಾಡಬೇಡಿ. 1930ರ ದಶಕದಲ್ಲಿ ಅಮೆರಿಕದ ಬಯಲುಸೀಮೆಯಲ್ಲಿ ಹುಲ್ಲುಗಾವಲನ್ನು ಉತ್ತು ಗೋಧಿ ಹಾಕಿದ್ದ ನೆಲ ಬರ ಬಿದ್ದಾಗ ಎದ್ದುಹೋಯಿತು. 1935ರ ಏಪ್ರಿಲ್ 14ರ ಧೂಳುಬಿರುಗಾಳಿಯ ದಿನಕ್ಕೆ ಕಪ್ಪು ಭಾನುವಾರ ಎಂದೇ ಹೆಸರು. ಅದೇ ತಿಂಗಳ 27ರಂದು ಆ ದೇಶದ ಮಣ್ಣು ಸಂರಕ್ಷಣಾ ಕಾಯ್ದೆ ಬಂತು.

ಮರಗಳ ಗಾಳಿತಡೆ ತನ್ನ ಎತ್ತರದ ಸುಮಾರು 10 ಪಟ್ಟು ದೂರಕ್ಕೆ ಆಸರೆ ಕೊಡುತ್ತದೆ. ಅರ್ಧದಷ್ಟು ಗಾಳಿ ಸೋಸಿಹೋಗುವಂತಿರಲಿ. ಗೋಡೆಯಂತೆ ದಟ್ಟವಾದರೆ ಹಿಂಬದಿಯಲ್ಲಿ ಸುಳಿ ಏಳುತ್ತದೆ. ನಡುವೆ ಗಾಡಿದಾರಿಗೆ ನೇರ ಕಿಂಡಿ ಬಿಟ್ಟರೆ ಗಾಳಿ ಅಲ್ಲಿ ಇನ್ನೂ ಬಿರುಸಾಗುತ್ತದೆ, ದಾರಿಯನ್ನು ಓರೆಯಾಗಿ ಬಿಡಿ.

ಹಂತ 11: ನೆಡುವ ಮೊದಲು ಇರುವ ಬೇರು ನೋಡಿ

ಬರಡಾಗಿ ಕಾಣುವ ನೆಲದಲ್ಲೂ ಕಡಿದ ಮರಗಳ ಬುಡಗಳು ಮಣ್ಣಿನಡಿ ಜೀವಂತವಾಗಿರುತ್ತವೆ, ಪ್ರತಿ ವರ್ಷ ಚಿಗುರಿ ದನ ಮೇಕೆಯ ಬಾಯಿಗೋ ಕುಡುಗೋಲಿಗೋ ಸಿಕ್ಕಿ ಪೊದೆಯಾಗಿಯೇ ಉಳಿಯುತ್ತವೆ. ಒಂದು ಬುಡದಲ್ಲಿ ನೇರವಾದ ಮೂರರಿಂದ ಐದು ಚಿಗುರು ಉಳಿಸಿ, ಮಿಕ್ಕವನ್ನು ಕತ್ತರಿಸಿ, ಉಳಿದವುಗಳ ಕೆಳಗಿನ ಅರ್ಧದ ರೆಂಬೆಗಳನ್ನು ಸವರಿ. ನೈಜರ್ ದೇಶದಲ್ಲಿ 1983ರ ಹೊತ್ತಿಗೆ ಆಸ್ಟ್ರೇಲಿಯಾದ ಕೃಷಿತಜ್ಞ ಟೋನಿ ರಿನೌಡೊ ರೈತರೊಡನೆ ಆರಂಭಿಸಿದ ಈ ಕ್ರಮ ಸುಮಾರು 50 ಲಕ್ಷ ಹೆಕ್ಟೇರಿಗೆ ಹಬ್ಬಿದೆ. ಬೇರು ಆಗಲೇ ಆಳದಲ್ಲಿರುವುದರಿಂದ ನೀರುಣಿಸುವ ಗೋಜಿಲ್ಲ.

ಮೇಯುವ ಜಾನುವಾರನ್ನು ಸರದಿಯಲ್ಲಿ ತಿರುಗಿಸಿ. ಹುಲ್ಲಿನ ಅರ್ಧ ಮೇಯಿಸಿ, ಅರ್ಧ ಬಿಡಿ. ಮಳೆ ಬಿದ್ದು ಮೊದಲ ಚಿಗುರು ಬರುವ ವಾರಗಳಲ್ಲಿ ಮೇಯಲು ಬಿಡುವುದು ಎಲ್ಲಕ್ಕಿಂತ ಹೆಚ್ಚು ನಷ್ಟದ್ದು, ಆಗ ಹುಲ್ಲು ಬೇರಿನ ಉಳಿತಾಯ ತೆಗೆದು ಬದುಕುತ್ತಿರುತ್ತದೆ.

ಹಂತ 12: ಮೊಳೆ ಹೊಡೆದು ಅಳೆಯಿರಿ

ಮಾಡಿದ್ದು ಫಲಿಸಿತೇ ಎಂದು ತಿಳಿಯಲು 30 ಸೆಂಟಿಮೀಟರ್ ಉದ್ದದ ಹತ್ತು ಕಬ್ಬಿಣದ ಸರಳುಗಳು ಸಾಕು. ಬಿತ್ತನೆಯಾದ ಮೇಲೆ ಇಳಿಜಾರಿನ ಮೇಲೆ, ನಡುವೆ, ಕೆಳಗೆ ಹಂಚಿ, 5 ಸೆಂಟಿಮೀಟರ್ ಹೊರಗುಳಿಯುವಂತೆ ಹೊಡೆಯಿರಿ. ಪಕ್ಕದಲ್ಲಿ ಬಣ್ಣದ ಗೂಟ ನೆಡಿ, ಇಲ್ಲದಿದ್ದರೆ ಕಳೆ ತೆಗೆಯುವವರ ಕಾಲಿಗೆ ಚುಚ್ಚುತ್ತದೆ. ಎಡೆಕುಂಟೆ ಹೊಡೆಯುವಾಗ ಸರಳಿನ ಸುತ್ತ ಒಂದು ಮೊಳ ಬಿಟ್ಟುಬಿಡಿ, ಕೆದಕಿದ ಮಣ್ಣಿನಲ್ಲಿ ಅಳತೆಗೆ ಅರ್ಥವಿಲ್ಲ. ಪ್ರತಿ ದೊಡ್ಡ ಮಳೆಯ ಮರುದಿನ ಹೊರಗಿರುವ ಉದ್ದ ಬರೆದುಕೊಳ್ಳಿ. ಮೇಲಿನ ಸರಳುಗಳು 1 ಮಿಲಿಮೀಟರ್ ಹೆಚ್ಚು ಹೊರಬಂದಿದ್ದರೆ ಆ ಭಾಗದಿಂದ ಹೋದದ್ದು ಹೆಕ್ಟೇರಿಗೆ 13 ಟನ್ನಿನ ಲೆಕ್ಕ. ಕೆಳಗಿನವು ಹೂತುಹೋಗಿದ್ದರೆ ಮಣ್ಣು ಹೊಲದಲ್ಲೇ ಇದೆ, ಮೇಲಿನ ಹೊದಿಕೆ ಮಾತ್ರ ಸಾಲದಾಗಿದೆ. ನೂರು ಗಂಟಿನ ಹಗ್ಗ ತೆಗೆದುಕೊಂಡು ಮತ್ತೆ ನೆತ್ತಿಗೆ ಹೋಗಿ.